ಗೋಡೌನಿನ ಎದುರು, ಏಳರಿಂದ ಒಂಬತ್ತು

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಐದೂವರೆಗೆ ನಾನು ಷೂ ಪಾಲಿಶ್ ಮಾಡಲು ಕೂರುತ್ತೇನೆ. ಹಳೆಯ ಬನಿಯನ್ನಿನ ತುಂಡು, ಬ್ರಷ್ಷು, ಕಪ್ಪು ಪಾಲಿಶ್ ಡಬ್ಬಿ ಎಲ್ಲವನ್ನೂ ಹಿಂದಿನ ಸಂಜೆಯೇ ಜಗಲಿಯಲ್ಲಿ ಪೇಪರ್ ಹಾಸಿ ಇಟ್ಟಿರುತ್ತೇನೆ. ಡಬ್ಬಿಯ ಮುಚ್ಚಳ ತಿರುಗಿಸಿದಾಗ ಬರುವ ಮೇಣದ ವಾಸನೆ ನನಗೆ ಸೈನ್ಯವನ್ನು ನೆನಪಿಸಬೇಕಿತ್ತು. ಇಪ್ಪತ್ತೆಂಟು ವರ್ಷ ಆ ವಾಸನೆಯಲ್ಲೇ ಬೆಳಗು ಮಾಡಿದವನು ನಾನು. ನೆನಪಾಗುವುದು ಮಾತ್ರ ಮೂರು ವರ್ಷದ ಹಿಂದಿನ ಒಂದು ಚಳಿಗಾಲ, ಚನ್ನರಾಯಪಟ್ಟಣದ ತೆಂಗಿನಕಾಯಿ ಮಾರುಕಟ್ಟೆಯ ಹಿಂದೆ ಕೆಡವಿ ಹಾಕಿದ್ದ ಒಂದು ಗೋಡೌನು, ಅದರ ಎದುರಿಗೆ ನಿಂತಿದ್ದ ಸಿದ್ದಯ್ಯ. ಅವನು ಅಲ್ಲಿ ನಿಂತಿದ್ದನ್ನು ನಾನು ನೋಡಲಿಲ್ಲ. ನೋಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಾನು ಫಿರಂಗಿ ದಳಕ್ಕೆ ಗುಮಾಸ್ತನಾಗಿ ಸೇರಿ ಸುಬೇದಾರನಾಗಿ ನಿವೃತ್ತನಾದವನು. ಊರಿಗೆ ಬಂದ ದಿನವೇ ಷೂ ಬಿಚ್ಚಿ ಅಟ್ಟಕ್ಕೆ ಹಾಕಿ, ಇನ್ನು ಸಾಯುವವರೆಗೂ ಚಪ್ಪಲಿಯೇ ಎಂದು ಮನೆಯವಳಿಗೆ ಹೇಳಿದ್ದೆ. ಉಳಿದ ಅಭ್ಯಾಸಗಳನ್ನು ಬಿಡಲಿಲ್ಲ. ಐದಕ್ಕೆ ಏಳುವುದು, ಏಳೂವರೆಗೆ ತಿಂಡಿ, ನಾಳೆ ಮಾಡಬೇಕಾದದ್ದನ್ನು ಇವತ್ತೇ ಬರೆದಿಡುವುದು. ಸುತ್ತಮುತ್ತಲ ತಾಲ್ಲೂಕುಗಳ ಮಾಜಿ ಸೈನಿಕರ ಸಣ್ಣ ಸಂಘವೊಂದಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದು ಈ ಅಭ್ಯಾಸಗಳನ್ನು ನೋಡಿಯೇ.

ಮನೆಯವಳು ತೀರಿಕೊಂಡ ಮೇಲೆ ಮಗಳು ಸುಧಾ ಈ ಕೆಲಸಕ್ಕೆ ಜೊತೆಯಾದಳು. ಅವಳು ಪಟ್ಟಣದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ಆಗ ಮೂವತ್ತೆಂಟು ವರ್ಷ. ಮದುವೆ ಬೇಡ ಎಂದು ಹೇಳಿ, ಆ ಮಾತನ್ನು ಉಳಿಸಿಕೊಂಡವಳು. ಭಾನುವಾರ ಅವಳಿಗೆ ರಜೆ.

"ನೀವು ಅರ್ಜಿ ಬರೀರಿ, ನಾನು ಬಿಪಿ ನೋಡ್ತೀನಿ," ಎಂದಳು ಒಂದು ದಿನ. "ಮನೇಲಿ ಇಬ್ರೂ ಒಂದೊಂದು ಗೋಡೆ ನೋಡ್ಕೊಂಡು ಕೂರೋದಕ್ಕಿಂತ ವಾಸಿ."

ಹಾಗೆ ನಮ್ಮ ಭಾನುವಾರಗಳು ತುಂಬಿದವು. ಮೊದಲನೆಯ ಭಾನುವಾರ ಚನ್ನರಾಯಪಟ್ಟಣದಲ್ಲಿ ಎಲ್ಲರ ಹಾಜರಿ. ಎರಡನೆಯದು ಹೊಳೆನರಸೀಪುರದ ಕಡೆಯ ಹಳ್ಳಿಗಳು, ಮೂರನೆಯದು ಅರಕಲಗೂಡು, ನಾಲ್ಕನೆಯದು ಹಾಸನ ಮತ್ತು ಸಾಲಗಾಮೆ. ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡುತ್ತಿದ್ದೆವು. ಉಳಿದವರಿಗಾಗಿ ಸುಧಾ ಹಾಸನದ ಮಾಜಿ ಸೈನಿಕರ ಚಿಕಿತ್ಸಾ ಕೇಂದ್ರದಿಂದ ತಿಂಗಳ ಮಾತ್ರೆ ತಂದು, ಒಂದೊಂದು ಪೊಟ್ಟಣದ ಮೇಲೂ ಹೆಸರು ಬರೆದು, ಬೆಳಿಗ್ಗೆಗೆ ಸೂರ್ಯನ ಗುರುತು, ರಾತ್ರಿಗೆ ಚಂದ್ರನ ಗುರುತು ಹಾಕಿ ಇಡುತ್ತಿದ್ದಳು. ಆ ಪೊಟ್ಟಣ ಸಿಗುವುದು ಹಾಜರಿಗೆ ಬಂದವರ ಕೈಗೆ ಮಾತ್ರ. ಅದು ನನ್ನ ನಿಯಮ. ಹೇಳಿ ಕಳಿಸದೆ ಸಾಲಾಗಿ ಮೂರು ತಿಂಗಳು ಗೈರಾದವರ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ. ಅದೂ ನನ್ನದೇ.

"ಮಾತ್ರೆಗೂ ಹಾಜರಿಗೂ ಯಾಕೆ ಗಂಟು ಹಾಕ್ತೀರಿ ಅಪ್ಪ?" ಎಂದು ಅವಳು ಶುರುವಿನಲ್ಲೇ ಕೇಳಿದ್ದಳು.

"ಹಾಜರಿ ಇಲ್ದಿದ್ರೆ ಯಾರೂ ಬರಲ್ಲ. ಬರದೇ ಇದ್ರೆ ಯಾರು ಹೇಗಿದಾರೆ ಅಂತ ನಮಗೆ ಗೊತ್ತಾಗಲ್ಲ," ಎಂದಿದ್ದೆ. ಆ ಉತ್ತರ ನನಗೆ ಇಷ್ಟವಾಗಿತ್ತು.

ಹಾಜರಿ ನಡೆಯುತ್ತಿದ್ದದ್ದು ಮಾರುಕಟ್ಟೆಯ ಹಿಂದಿನ ಒಂದು ಕೊಬ್ಬರಿ ಗೋಡೌನಿನ ಜಗಲಿಯಲ್ಲಿ. ಒಳಗಿನಿಂದ ಕೊಬ್ಬರಿಯ ಜಿಡ್ಡು ವಾಸನೆ ಬರುತ್ತಿತ್ತು. ಏಳು ಗಂಟೆಗೆ ಸರಿಯಾಗಿ ನಾನು ಹೆಸರು ಕೂಗುತ್ತಿದ್ದೆ. ಎಪ್ಪತ್ತು ದಾಟಿದವರು, ಮೊಣಕಾಲು ಸೋತವರು ಕೂಡ ತಮ್ಮ ಹೆಸರು ಬಂದಾಗ ಹಿಮ್ಮಡಿ ಕೂಡಿಸಿ "ಹಾಜರ್ ಸಾಬ್" ಎನ್ನುತ್ತಿದ್ದರು.

ಎಲ್ಲರಿಗಿಂತ ನೆಟ್ಟಗೆ ನಿಲ್ಲುತ್ತಿದ್ದವನು ಲ್ಯಾನ್ಸ್ ನಾಯಕ್ ಸಿದ್ದಯ್ಯ. ದಂಡಿಗನಹಳ್ಳಿ ಹೋಬಳಿಯ ಒಂದು ಸಣ್ಣ ಊರಿನವನು, ನನಗಿಂತ ಎರಡು ವರ್ಷ ದೊಡ್ಡವನು. ಆರು ವರ್ಷ ನಾವು ಒಂದೇ ರೆಜಿಮೆಂಟಿನಲ್ಲಿದ್ದೆವು, ಅವನು ಫಿರಂಗಿಯ ಪಕ್ಕದಲ್ಲಿ, ನಾನು ಆಫೀಸಿನ ಮೇಜಿನ ಹಿಂದೆ. ಫಿರಂಗಿಯ ಸದ್ದಿಗೆ ಅವನ ಎಡಗಿವಿ ಅಲ್ಲೇ ಹೋಗಿತ್ತು. ಬಲಗಿವಿಗೆ ಬಾಯಿ ಹಚ್ಚಿ ಕೂಗಿದರೆ ಮಾತ್ರ ಕೇಳುತ್ತಿತ್ತು. ಪಟ್ಟಿಯಲ್ಲಿ ಅವನದು ಮೂವತ್ತೊಂದನೆಯ ಹೆಸರು. ಮೂವತ್ತನೆಯದು ಅವನ ಊರಿನವನೇ ಆದ ಕಾಳೇಗೌಡನದು. ಕಾಳೇಗೌಡ ಬಾಯಿ ಮುಚ್ಚಿದ ಕೂಡಲೇ ಸಿದ್ದಯ್ಯ "ಆಜರ್ ಸಾಬ್" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ನಾನು ಅವನ ಹೆಸರು ಕರೆದಿದ್ದೇನೋ ಇಲ್ಲವೋ ಎನ್ನುವುದು ಅವನಿಗೆ ಬೇಕಿರಲಿಲ್ಲ.

ಷೂ ಹಾಕಿಕೊಂಡು ಬರುತ್ತಿದ್ದವನೂ ಅವನೊಬ್ಬನೇ. ಮುಖ ಕಾಣುವ ಹಾಗೆ ಉಜ್ಜಿದ ಕಪ್ಪು ಷೂ. ಸಕ್ಕರೆ ಕಾಯಿಲೆ ಇರುವವರು ಬಿಗಿ ಷೂ ಹಾಕಬಾರದು ಎಂದು ಸುಧಾ ಅವನ ಕಿವಿಯಲ್ಲಿ ಎರಡು ಸಲ ಕೂಗಿದ್ದಳು.

"ಚಪ್ಲೀಲಿ ಆಜರಿ ಕೊಡಕಾಯ್ತದೇನವ್ವ," ಎಂದು ಅವನು ನನ್ನ ಕಾಲು ನೋಡಿ ನಕ್ಕಿದ್ದ. "ಸುಬೇದಾರ್ರು ದೊಡ್ಡೋರು, ಅವರ್ದು ಬ್ಯಾರೆ."

ಆ ವರ್ಷ ಆಷಾಢದಲ್ಲಿ ಗೋಡೌನು ಕೆಡವುತ್ತಾರೆಂದು ತಿಳಿಯಿತು. ಬೈಪಾಸ್ ರಸ್ತೆಯ ಹತ್ತಿರ ನಮ್ಮ ಜನಾಂಗದವರ ಸಮುದಾಯ ಭವನವಿದೆ. ಅದರ ಸಮಿತಿಯಲ್ಲಿ ನನ್ನ ಷಡ್ಡಕರಿದ್ದರು. ತಿಂಗಳಿಗೊಂದು ಬೆಳಿಗ್ಗೆ ಕೆಳಗಿನ ಹಾಲ್ ಬಿಟ್ಟುಕೊಡಲು ಒಪ್ಪಿದರು. ಕುರ್ಚಿ ಇತ್ತು, ಫ್ಯಾನಿತ್ತು, ಶೌಚಾಲಯವಿತ್ತು. ಅರ್ಧ ದಿನದಲ್ಲಿ ತೀರ್ಮಾನ ಮಾಡಿ ಮುಗಿಸಿದೆ. ಬಾಗಿಲ ಮೇಲೆ ಜನಾಂಗದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಕೆತ್ತಿದ್ದಾರೆ. ಚಿಕ್ಕಂದಿನಿಂದ ಅಲ್ಲಿ ಮದುವೆ ಊಟ ಮಾಡಿದವನು ನಾನು. ಆ ಹೆಸರನ್ನು ನಿಂತು ಓದಿದವನಲ್ಲ.

ಜಾಗ ಬದಲಾದದ್ದನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಫೋನು ಬಳಸದವರಿಗೆ ಅವರವರ ಊರಿನವರ ಕೈಯಲ್ಲಿ ಹೇಳಿ ಕಳಿಸಿದೆ. ಸಿದ್ದಯ್ಯನ ಹೆಸರಿನ ಮುಂದೆ 'ಕಾಳೇಗೌಡನ ಮೂಲಕ' ಎಂದು ಬರೆದು ಟಿಕ್ ಹಾಕಿದೆ.

ಆಗಸ್ಟಿನಲ್ಲಿ ಸಿದ್ದಯ್ಯ ಬರಲಿಲ್ಲ. ಸೆಪ್ಟೆಂಬರಿನಲ್ಲೂ ಬರಲಿಲ್ಲ. ಆಗ ಸುಧಾ ಒಮ್ಮೆ ಕೇಳಿದಳು. ಕಾಳೇಗೌಡನನ್ನು ಕರೆದು ವಿಚಾರಿಸಿದೆ. "ಏಳಿವ್ನಿ ಕಣ್ರೀ ಸುಬೇದಾರ್ರೆ. ಬರ್ನಿಲ್ಲ ಅಂದ್ರೆ ನಾನೇನು ಹೊತ್ಕಂಡ್ ಬರ್ಲಾ?" ಎಂದ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕಿರಬೇಕು. ಅಕ್ಟೋಬರಿನಲ್ಲಿ ಮೂವತ್ತೊಂದನೆಯ ಹೆಸರು ಕೂಗಿ, ಕಾದು, ಮನೆಗೆ ಬಂದು ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದೆ. ಸ್ಕೇಲ್ ಇಡದೆ ನಾನು ಯಾವ ಗೆರೆಯನ್ನೂ ಎಳೆಯುವುದಿಲ್ಲ.

ನವೆಂಬರ್ ನಮಗೆ ಬಿಡುವಿಲ್ಲದ ತಿಂಗಳು. ಪಿಂಚಣಿದಾರರು ತಾವಿನ್ನೂ ಜೀವಂತ ಇದ್ದೇವೆಂದು ಪ್ರಮಾಣ ಕೊಡಬೇಕಾದ ತಿಂಗಳು. ಹಳ್ಳಿಗಳಲ್ಲಿ ಅದನ್ನು 'ಬದುಕಿರೋ ಕಾಗದ' ಎನ್ನುತ್ತಾರೆ. ನೇಗಿಲು ಹಿಡಿದು ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಸುಧಾ ಫೋನು ಹಿಡಿದು ಮುಖದ ಚಿತ್ರ ತೆಗೆಯಬೇಕು. "ಕಣ್ಣು ಮಿಟುಕಿಸಿ ಅಜ್ಜ, ಬದುಕಿದೀರಿ ಅಂತ ಅದಕ್ಕೆ ಗೊತ್ತಾಗ್ಲಿ," ಎಂದು ಅವಳು ಅರಕಲಗೂಡಿನ ಹಳ್ಳಿಯೊಂದರ ಜಗಲಿಯಲ್ಲಿ ಹೇಳಿದ್ದು ನೆನಪಿದೆ. ಆ ವರ್ಷ ಚಳಿ ಬೇಗ ಬಂದಿತ್ತು. ಹೊಲಗಳಲ್ಲಿ ಹುಚ್ಚೆಳ್ಳು ಹಳದಿ ಹೂವು ಬಿಟ್ಟಿತ್ತು. ಬೆಳಗಿನ ಮಂಜಿನಲ್ಲಿ ಕಾರಿನ ದೀಪ ಹಾಕಿಕೊಂಡು ಹೋಗುತ್ತಿದ್ದೆವು. ಸತ್ಯ ಹೇಳಬೇಕೆಂದರೆ ನಾನು ಸುಖವಾಗಿದ್ದೆ. ಮಗಳು ಗಾಡಿ ಓಡಿಸುತ್ತಿದ್ದಳು, ತೊಡೆಯ ಮೇಲೆ ಪಟ್ಟಿ ಇರುತ್ತಿತ್ತು, ಒಂದೊಂದೇ ಹೆಸರಿಗೆ ಗುರುತು ಬೀಳುತ್ತಿತ್ತು. ಆ ಪಟ್ಟಿಯಲ್ಲಿ ಮೂವತ್ತೊಂದನೆಯವನು ಇರಲಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ಹಾಜರಿ ಮುಗಿದ ಮೇಲೆ ಸುಧಾ ಅವರೆಕಾಯಿ ಕೊಳ್ಳಬೇಕೆಂದು ಮಾರುಕಟ್ಟೆಯ ಕಡೆ ಗಾಡಿ ತಿರುಗಿಸಿದಳು. ಹಳೆಯ ಗೋಡೌನಿದ್ದ ಜಾಗದ ಪಕ್ಕದಲ್ಲೇ ಜಯಮ್ಮನ ಟೀ ಅಂಗಡಿ. ಎಷ್ಟೋ ವರ್ಷ ನಮ್ಮ ಹಾಜರಿಗೆ ಟೀ ಕೊಟ್ಟವಳು ಅವಳು.

"ಏನ್ ಸುಬೇದಾರ್ರೆ, ಜಾಗ ಬುಟ್ಟೋದ್ಮೇಲೆ ಮಖವೇ ತೋರ್ಸ್ನಿಲ್ಲ," ಎಂದು ಲೋಟ ಕೊಟ್ಟಳು. ಆಮೇಲೆ ಸುಧಾಳ ಕಡೆ ತಿರುಗಿ, "ಆ ಕಿವುಡ ಮಿಲ್ಟ್ರಿ ತಾತ ಈ ಸಲ ಬರ್ನಿಲ್ಲ ಕಣವ್ವ. ಉಸಾರಿಲ್ವಾ?" ಎಂದಳು.

"ಯಾವ ಸಲ ಬಂದಿದ್ರು?" ಎಂದಳು ಸುಧಾ.

"ತಿಂಗ್ಳು ತಿಂಗ್ಳು ಬತ್ತನಲ್ಲ. ಗೋಡೋನ್ ಒಡ್ದಾಕುದ್ಮೇಲೂ ಬತ್ತನೆ. ಪಷ್ಟ್ ಬಸ್ಗೆ ಇಳ್ದು, ಅಕಾ, ಆ ಕಲ್ಲಿನ್ ತಾವ್ ನಿಂತ್ಕತನೆ. ಏಳ್ರಿಂದ ಒಂಬತ್ತರ್ ಗಂಟ. ಕೂತ್ಕಳಪ್ಪ ಅಂದ್ರೆ ಕೂರಕಿಲ್ಲ. ಟೀ ಕೊಟ್ರೆ ನಿಂತ್ಕಂಡೇ ಕುಡೀತನೆ. ಏನ್ ಕೂಗುದ್ರೂ ಕೇಳಕಿಲ್ಲ. ಒಂಬತ್ತಾಗ್ತಿದ್ದಂಗೆ ಸೆಲ್ಯೂಟ್ ಒಡ್ದು ಬಸ್ಟಾಂಡಿಗೋಯ್ತನೆ. ವಾದ್ ತಿಂಗ್ಳು ಕಾಲು ಕುಂಟ್ತಿದ್ದ. ಮಿಲ್ಟ್ರಿಯೋರ್ದು ಏನೋ ಹರಕೆ ಇರ್ಬೌದು ಅಂದ್ಕಂಡೆ."

ನಾನು ಆ ಕಲ್ಲನ್ನು ನೋಡಿದೆ. ಗೋಡೌನಿನ ಮೆಟ್ಟಿಲಾಗಿದ್ದ ಕಲ್ಲು. ನಾನು ಪುಸ್ತಕ ಹಿಡಿದು ನಿಲ್ಲುತ್ತಿದ್ದದ್ದು ಅದರ ಮೇಲೆಯೇ.

ಸುಧಾ ಟೀ ಲೋಟವನ್ನು ಹಾಗೇ ಇಟ್ಟಳು. "ನಾನು ಅವರೂರಿಗೆ ಹೋಗ್ತೀನಿ. ನೀವು ಬರ್ತೀರಾ ಅಪ್ಪ, ಇಲ್ಲಾ ಮನೆ ಹತ್ರ ಬಿಟ್ಟು ಹೋಗ್ಲಾ?"

ಹತ್ತು ಗಂಟೆಗೆ ಬ್ಯಾಂಕಿನ ನಿವೃತ್ತ ಮ್ಯಾನೇಜರೊಬ್ಬರನ್ನು ಕಾಣಬೇಕೆಂದು ಬರೆದಿಟ್ಟಿದ್ದೆ. ನಾನು ಗಡಿಯಾರ ನೋಡಿದೆ. ಅವಳು ನಾನು ನೋಡಿದ್ದನ್ನು ನೋಡಿದಳು. ಸುಮ್ಮನೆ ಹೋಗಿ ಗಾಡಿಯಲ್ಲಿ ಕೂತೆ.

ದಾರಿಯುದ್ದಕ್ಕೂ ರಾಗಿಯ ಒಕ್ಕಣೆ. ರಸ್ತೆಯ ಮೇಲೆ ಹರಡಿದ್ದ ತೆನೆಯ ಮೇಲೆ ಗಾಡಿ ಮೆಲ್ಲಗೆ ಹೋಗಬೇಕು, ಹೆಂಗಸರು ಎದ್ದು ದಾರಿ ಬಿಡಬೇಕು. ಸಿದ್ದಯ್ಯನ ಊರಿನ ಮೊದಲ ಬೀದಿಯಲ್ಲೇ ಕಾಳೇಗೌಡನ ಮನೆ. ಅವನು ಹಾಜರಿ ಮುಗಿಸಿ ಬೈಕಿನಲ್ಲಿ ಆಗಲೇ ಬಂದಿದ್ದ. ಗಾಡಿಯಿಂದಿಳಿಯದೆ ಕೇಳಿದೆ.

"ಸಿದ್ದಯ್ಯನಿಗೆ ಜಾಗ ಬದಲಾಗಿದ್ದು ಹೇಗೆ ಹೇಳಿದೆ ಕಾಳೇಗೌಡ?"

"ಇನ್ನೆಂಗೆ ಏಳ್ತರೆ? ಕೆರೆ ಏರಿ ಮ್ಯಾಲ್ ಓಯ್ತಿದ್ದೆ. ಅವ್ನು ಕೆಳಗ್ಲು ಗದ್ದೇಲಿದ್ದ. ಬವನುಕ್ಕೆ ಬರಬೇಕಂತೆ ಕಣ್ಲಾ ಅಂತ ಕೂಗ್ದೆ. ತಲೆ ಆಡುಸ್ದ."

"ಅವನಿಗೆ ಕಿವಿ ಕೇಳಲ್ಲ."

"ಗೊತ್ತು ಬುಡಿ. ಅದ್ಕೇ ಜೋರಾಗ್ ಕೂಗ್ದೆ."

"ಮನೆ ಹತ್ರ ಹೋಗಿ ಹೇಳಬಹುದಿತ್ತು."

ಕಾಳೇಗೌಡ ನನ್ನ ಮುಖವನ್ನೇ ನೋಡಿದ. "ಆ ಬೀದಿಗೆ ನಾನೋಗ್ಬೇಕಿತ್ತಾ? ನೀವೋಗಿದ್ದೀರಾ ಸುಬೇದಾರ್ರೆ, ಒಂದ್ ದಿನನಾದ್ರೂ?"

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ನಾನು ಹೋಗಿರಲಿಲ್ಲ. ಗಡಿಯ ಹಿಮದಲ್ಲಿ ಲಂಗರಿನ, ಅಂದರೆ ಸೈನ್ಯದ ಅಡುಗೆಮನೆಯ, ರೊಟ್ಟಿ ಮುಗಿದು ಹೋದ ಒಂದು ದಿನ ಸಿದ್ದಯ್ಯ ತನ್ನ ತಟ್ಟೆಯಲ್ಲಿದ್ದ ಎರಡರಲ್ಲಿ ಒಂದನ್ನು ನನ್ನ ತಟ್ಟೆಗೆ ಹಾಕಿದ್ದ. ಇಬ್ಬರೂ ಒಂದೇ ದಾಲಿಗೆ ಅದ್ದಿಕೊಂಡು ತಿಂದಿದ್ದೆವು. ಊರಿಗೆ ಬಂದ ಮೇಲೆ ಇಷ್ಟು ವರ್ಷದಲ್ಲಿ ಅವನ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ನನಗೆ ತಿಳಿದಿರಲಿಲ್ಲ. ಕಾಳೇಗೌಡನ ಮೂಲಕ ಹೇಳಿ ಕಳಿಸಿದ್ದೂ ಅದಕ್ಕೇ ಇರಬೇಕು. ಅದನ್ನು ಅನುಕೂಲ ಎಂದುಕೊಂಡಿದ್ದೆ.

ಪೂರ್ವ ದಿಕ್ಕಿಗಿತ್ತು ಬಾಗಿಲು. ಸಣ್ಣ ತಾರಸಿ ಮನೆ, ಸಾರಿಸಿದ ಅಂಗಳ, ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಸಮವಸ್ತ್ರದ ಸಿದ್ದಯ್ಯನ ಫೋಟೊ. ಸಿದ್ದಯ್ಯ ಅಂಗಳದ ಬಿಸಿಲಿಗೆ ಮಂಚ ಹಾಕಿಸಿಕೊಂಡು ಮಲಗಿದ್ದ. ಎಡಗಾಲಿಗೆ ಹಳೆಯ ಪಂಚೆಯ ಬಟ್ಟೆ ಸುತ್ತಿತ್ತು. ನಮ್ಮನ್ನು ಕಂಡು ಏಳಲು ಹೋದ. ಸುಧಾ ಭುಜ ಹಿಡಿದು ಮಲಗಿಸಿ, ಬಟ್ಟೆ ಬಿಚ್ಚಿದಳು. ಬಾಗಿಲ ಬಳಿ ನಿಂತಿದ್ದ ನನ್ನವರೆಗೂ ವಾಸನೆ ಬಂತು. ಅವಳು ಮುಖ ತಿರುಗಿಸಲಿಲ್ಲ. ಮೂರು ಬೆರಳು ಕಪ್ಪಾಗಿದ್ದವು, ಕಪ್ಪು ಪಾದಕ್ಕೂ ಏರಿತ್ತು.

"ಇದು ಯಾವಾಗಿಂದ?" ಎಂದು ಅವನ ಹೆಂಡತಿ ಪುಟ್ಟಮ್ಮನನ್ನು ಕೇಳಿದಳು.

"ಷೂ ಕಚ್ಚಿತ್ತು ಕಣವ್ವ, ದಸರಾ ಕಳುದ್ಮೇಲೆ. ಸಣ್ಗಾಯ. ಇನ್ನ ಮಾಗಿರ್ನಿಲ್ಲ, ವಾದ್ ತಿಂಗ್ಳೂ ಅದ್ರ್ ಮ್ಯಾಲೇ ಷೂ ಬಿಗ್ಕಂಡು ಪಟ್ನುಕ್ಕೋಯ್ತು. ಬ್ಯಾಡ ಅಂದ್ರೆ ಕೇಳ್ಬೇಕಲ್ಲ. ಬಂದೋನು ಮಲಿಕ್ಕಂಡ."

"ಮಾತ್ರೆ?"

"ನೀವ್ ಕೊಡ್ತಿದ್ದ ಮಾತ್ರೆ ಮುಗುದ್ ವಾದ್ವು. ತಿಂಗ್ ತಿಂಗ್ಳೂ ಬರಿಗೈಲಿ ಬತ್ತಿದ್ದ. ಕೇಳುದ್ರೆ ಪರೇಡಿಲ್ಲ ಅಂತಿದ್ದ."

ಸುಧಾ ಬೇಗ ಬೇಗ ಫೋನು ಮಾಡತೊಡಗಿದಳು, ಹಾಸನದ ಆಸ್ಪತ್ರೆಗೆ, ಪರಿಚಯದ ವೈದ್ಯರಿಗೆ. ನಾನು ಸಿದ್ದಯ್ಯನ ಬಲಗಿವಿಗೆ ಬಾಯಿ ಹಚ್ಚಿದೆ. "ಹಾಜರಿಯ ಜಾಗ ಬದಲಾಗಿತ್ತು ಸಿದ್ದಯ್ಯ. ಭವನದ ಹತ್ರ."

"ಗೊತ್ತು ಸಾ," ಎಂದ. ಕಿವುಡರ ಹಾಗೆ ಗಟ್ಟಿಯಾಗಿ. "ದಸರಾ ತಿಂಗ್ಳು ಬಸ್ನಿಂದ ಕಂಡೆ. ಮೆಟ್ಲು ಮ್ಯಾಲೆ ಬುಕ್ಕು ಇಡ್ಕಂಡ್ ನಿಂತಿದ್ರಿ."

"ಮತ್ತೆ ಇಳಿದು ಬರಬಾರದಿತ್ತಾ?"

ಅವನು ಸ್ವಲ್ಪ ಹೊತ್ತು ನನ್ನ ತುಟಿಯನ್ನೇ ನೋಡಿದ, ನಾನು ಇನ್ನೂ ಏನಾದರೂ ಹೇಳುತ್ತೇನೇನೋ ಎಂಬಂತೆ. "ಆ ಬವನುದ್ ಬಾಗ್ಲಲ್ಲಿ ನಮ್ಮೋರು ಯಾವತ್ತು ನಿಂತವ್ರೆ ಸಾ? ಬಾ ಅಂತ ಆಡ್ರು ಬಂದಿದ್ರೆ ಬತ್ತಿದ್ದೆ. ಬರ್ನಿಲ್ಲ. ಬರೋಗಂಟ ಅಳೇ ಜಾಗ್ವೇ ಜಾಗ. ಕಾವ್ಲಿಗಾಕಿದೋನು ಬದ್ಲಿ ಆಳು ಬರ್ದೆ ಜಾಗ ಬುಡ್ತನಾ?"

ಪುಟ್ಟಮ್ಮ ಒಳಗಿನಿಂದ ಸ್ಟೀಲ್ ಲೋಟದಲ್ಲಿ ಕಾಫಿ ತಂದಳು. ಕೊಡುವ ಮೊದಲು ತಡೆದು, "ಕುಡೀತೀರಾ ಸಾ?" ಎಂದು ಕೇಳಿದಳು. ಸುಧಾಳನ್ನು ಅವಳು ಹಾಗೆ ಕೇಳಲಿಲ್ಲ. ಕುಡಿದೆ. ಬಿಸಿ ಇತ್ತು, ಬೆಲ್ಲ ಹೆಚ್ಚಾಗಿತ್ತು. ಅಷ್ಟು ಬಿಟ್ಟು ಆ ಹೊತ್ತಿನಲ್ಲಿ ನಾನು ಮಾಡಬಹುದಾದ ಕೆಲಸ ಒಂದೂ ಇರಲಿಲ್ಲ. ಪಟ್ಟಿ ಗಾಡಿಯಲ್ಲೇ ಉಳಿದಿತ್ತು.

ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿ, ಪುಟ್ಟಮ್ಮನ ತೊಡೆಯ ಮೇಲೆ ತಲೆ ಇಡಿಸಿ ಹಾಸನಕ್ಕೆ ಹೊರಟೆವು. ಹೆದ್ದಾರಿಗೆ ಬಂದ ಮೇಲೆ ನಾನು ಮೆಲ್ಲಗೆ, "ನೀನು ಶುರುವಿನಲ್ಲೇ ಹೇಳಿದ್ದೆ," ಎಂದೆ.

"ಹೇಳಿ ಏನು ಮಾಡಿದೆ," ಎಂದಳು ರಸ್ತೆಯಿಂದ ಕಣ್ಣು ತೆಗೆಯದೆ. "ಮೂರು ತಿಂಗಳ ಪೊಟ್ಟಣ ನನ್ನ ಬೀರುವಲ್ಲೇ ಇದ್ವು. ಪ್ರತಿ ಸಲ ಬಾಗಿಲು ತೆಗೆದಾಗ ಕಾಣೋದು. ಆ ಕಡೆ ಹೋದಾಗ ಕೊಟ್ಟರಾಯ್ತು ಅಂದ್ಕೊಂಡೆ. ನಿಮಗೆ ಹಾಜರಿಯ ನೆಪ ಇತ್ತು. ನನಗೆ ಏನಿತ್ತು ಅಪ್ಪ?"

ಹಿಂದೆ ಸಿದ್ದಯ್ಯ ಕಣ್ಣು ಮುಚ್ಚಿದ್ದ. ಅವನಿಗೆ ಕೇಳುವುದಿಲ್ಲ ಎಂದು ಆಗ ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಬೆರಳು ಮಾತ್ರ ತೆಗೆದರೆ ಸಾಕಾಗಬಹುದು ಎಂದು ಮೊದಲ ದಿನ ವೈದ್ಯರು ಹೇಳಿದರು. ಮೂರನೆಯ ದಿನ ಪಾದ ಎಂದರು. ಐದನೆಯ ದಿನ ಮೊಣಕಾಲಿನ ಕೆಳಗೆ ತೆಗೆದರು. ಎರಡು ತಿಂಗಳು ಮುಂಚೆ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. ಅವರು ಯುವಕರು, ಒಳ್ಳೆಯವರು. ಆಗ ಗಾಯ ಸಣ್ಣದಿತ್ತಲ್ಲವೇ ಎಂದರು. ಅಷ್ಟೇ ಹೇಳಿ ಬೇರೆ ಹಾಸಿಗೆಯ ಕಡೆ ಹೋದರು.

ಸುಧಾ ಹದಿನೈದು ದಿನ ಸಂಜೆ ಕೆಲಸ ಮುಗಿಸಿ ಬಸ್ಸು ಹತ್ತಿ ಹಾಸನಕ್ಕೆ ಹೋಗುತ್ತಿದ್ದಳು. ನಾನು ಹಗಲು ಇರುತ್ತಿದ್ದೆ. ಸಿದ್ದಯ್ಯ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅದಕ್ಕೊಂದು ಉತ್ತರ ತಯಾರು ಮಾಡಿಕೊಳ್ಳಬಹುದಿತ್ತು. ಅವನು ಪ್ರತಿ ಬೆಳಿಗ್ಗೆ ನಾನು ವಾರ್ಡಿಗೆ ಬಂದಾಗ ಹಣೆಗೆ ಕೈ ತಂದು ಸೆಲ್ಯೂಟ್ ಮಾಡುತ್ತಿದ್ದ, ಆಮೇಲೆ ಕಿಟಕಿಯ ಕಡೆ ತಿರುಗುತ್ತಿದ್ದ.

ಭವನ ಇನ್ನು ಬೇಡ ಎಂದು ಷಡ್ಡಕರಿಗೆ ಹೇಳಿದೆ. "ಯಾಕೆ, ಯಾರಾದ್ರೂ ಏನಾದ್ರೂ ಅಂದ್ರಾ?" ಎಂದರು. ಯಾರೂ ಏನೂ ಅಂದಿಲ್ಲ ಎಂದೆ. ಕೆರೆಯ ಪಕ್ಕದ ಪಾರ್ಕಿನಲ್ಲಿ ಹಾಜರಿ ನಡೆಸಲು ನಿಶ್ಚಯಿಸಿದೆ. ಮಾತ್ರೆಗೂ ಹಾಜರಿಗೂ ಇದ್ದ ಗಂಟನ್ನು ಬಿಚ್ಚಿದೆ. ಕೆಲವರು ಬರುವುದು ಬಿಟ್ಟರು, ಕಾಳೇಗೌಡ ಬಿಡಲಿಲ್ಲ. ಮೂವತ್ತೊಂದನೆಯ ಹೆಸರನ್ನು ಮತ್ತೆ ಬರೆದುಕೊಂಡೆ. ಕೆಂಪು ಗೆರೆ ಎಳೆದ ಪುಟ ಹಾಗೇ ಇದೆ, ಹರಿದು ಹಾಕಲಿಲ್ಲ. ಸಿದ್ದಯ್ಯ ಇವತ್ತಿನವರೆಗೂ ಆ ಪಾರ್ಕಿಗೆ ಬಂದಿಲ್ಲ. ಬರುತ್ತೇನೆ ಎಂದೂ ಹೇಳುವುದಿಲ್ಲ, ಬರುವುದಿಲ್ಲ ಎಂದೂ ಹೇಳುವುದಿಲ್ಲ. ಹೋಗಿ ಕರೆದಾಗಲೆಲ್ಲ, "ನೋಡುವ ಸಾ" ಎನ್ನುತ್ತಾನೆ. ಕಾಳೇಗೌಡ ಹಾಜರ್ ಎಂದ ಮೇಲೆ ನಾನು ಪ್ರತಿ ತಿಂಗಳೂ ಅವನ ಹೆಸರು ಕೂಗುತ್ತೇನೆ. ಸ್ವಲ್ಪ ಕಾಯುತ್ತೇನೆ. ಆಮೇಲೆ ಮೂವತ್ತೆರಡನೆಯದು.

ಆ ಜನವರಿಯ ಮೊದಲ ಭಾನುವಾರ ಯಾರಿಗೂ ಹಾಜರಿ ಇಡಲಿಲ್ಲ. ಬೆಳಿಗ್ಗೆ ಆರೂಕಾಲಿಗೆ, ಹಾಲು ತರುತ್ತೇನೆಂದು ಸುಧಾಳಿಗೆ ಹೇಳಿ, ಮಾರುಕಟ್ಟೆಯ ಹಿಂದಕ್ಕೆ ನಡೆದುಕೊಂಡು ಹೋದೆ. ಆ ಕಲ್ಲಿನ ಮೇಲಲ್ಲ, ಅದರ ಎದುರಿಗೆ ನಿಂತೆ, ಸಿದ್ದಯ್ಯ ನಿಂತಿರಬೇಕಾದ ಜಾಗದಲ್ಲಿ. ಮಂಜು ದಟ್ಟವಾಗಿತ್ತು. ಮಾರುಕಟ್ಟೆಯ ಕಡೆಯಿಂದ ಕಾಯಿ ಸುಲಿದ ಸಿಪ್ಪೆಯ ಹಸಿ ವಾಸನೆ. ಏಳೂಕಾಲಿಗೇ ಸೊಂಟ ಹಿಡಿಯಿತು. ಏಳೂವರೆಯ ನಂತರ ಜನ ನೋಡತೊಡಗಿದರು. ಪರಿಚಯದವರೊಬ್ಬರು ಸ್ಕೂಟರ್ ನಿಲ್ಲಿಸಿ, ಯಾರಿಗೆ ಕಾಯ್ತಿದೀರಿ ಎಂದರು. ಕೈ ಬೀಸಿ ಕಳಿಸಿದೆ. ಸಿದ್ದಯ್ಯನನ್ನೂ ಯಾರೋ ಕೇಳಿರಬೇಕು, ಅವನಿಗೆ ಕೇಳಿಸಿರುವುದಿಲ್ಲ. ಎಂಟೂವರೆಗೆ ಜಯಮ್ಮ ಟೀ ತಂದಳು. ನಿಂತುಕೊಂಡೇ ಕುಡಿದೆ. ಒಂಬತ್ತಕ್ಕೆ ಹೊರಟಾಗ ಕಾಲುಗಳು ನನ್ನವಾಗಿರಲಿಲ್ಲ. ಮನೆಯ ಗೇಟಿನಲ್ಲಿ ನಿಂತಿದ್ದ ಸುಧಾ ಹಾಲಿಲ್ಲದ ನನ್ನ ಬರಿಗೈಯನ್ನು ನೋಡಿದಳು.

ಮಧ್ಯಾಹ್ನ ಇಬ್ಬರೂ ಮಾತ್ರೆ ತೆಗೆದುಕೊಂಡು ಸಿದ್ದಯ್ಯನ ಊರಿಗೆ ಹೋದೆವು. ಅವನು ಮನೆಗೆ ಬಂದು ಒಂದು ವಾರವಾಗಿತ್ತು. ಅಂಗಳದಲ್ಲಿ ಗೋಡೆಗೊರಗಿ ಕೂತು ಷೂ ಪಾಲಿಶ್ ಮಾಡುತ್ತಿದ್ದ. ಬಲಗಾಲಿನದು ಮುಗಿದಿತ್ತು. ಎಡಗಾಲಿನದು ಕೈಯಲ್ಲಿತ್ತು.

"ಎರಡೂ ಉಜ್ತನೆ ಕಣವ್ವ," ಎಂದಳು ಪುಟ್ಟಮ್ಮ ಸುಧಾಳಿಗೆ. "ಒಂದ್ ಯಾರ್ಗಾರ ಕೊಟ್ಬುಡು ಅಂದ್ರೆ ರೇಗ್ತನೆ."

ಸಿದ್ದಯ್ಯ ನಮ್ಮ ಮುಖ ನೋಡಿ ವಿಷಯ ಊಹಿಸಿದ. "ಜೋಡಿ ಅಂತ ಕೊಟ್ಟಿದ್ದು ಜೋಡೀಲೇ ಇರ್ಬೇಕು. ಒಂಟಿ ಇಟ್ಕಂಡ್ರೆ ಇನ್‌ಸ್ಪೆಕ್ಷನ್‌ಗೆ ಏನಂತ ತೋರುಸ್ಲಿ?"

ನಾನು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಹೇಳಬಾರದೆಂದುಕೊಂಡೇ ಬಂದಿದ್ದೆ. ಪಾಲಿಶ್ ವಾಸನೆಗೋ ಏನೋ, ಅವನ ಬಲಗಿವಿಗೆ ಬಾಯಿ ಹಚ್ಚಿ ಹೇಳಿಬಿಟ್ಟೆ. ಇವತ್ತು ಗೋಡೌನಿನ ಎದುರು ನಿಂತಿದ್ದೆ ಎಂದೆ. ಸುಧಾ ತಲೆಯೆತ್ತಿ ನನ್ನನ್ನು ನೋಡಿದಳು.

ಸಿದ್ದಯ್ಯನ ಕೈ ನಿಂತಿತು. "ಎಷ್ಟೊತ್ತು ಸಾ?"

"ಏಳರಿಂದ ಒಂಬತ್ತು."

"ಕೂತ್ಕಂಡ್ರಾ ಮಧ್ಯದಲ್ಲಿ?"

"ಇಲ್ಲ."

ಅವನು ನನ್ನ ಕಾಲಿನ ಕಡೆ ನೋಡಿದ. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಯ ಕಡೆ ನೋಡಿದ. "ಕಾಲ್ಗೇನಾಕಿದ್ರಿ?"

"ಚಪ್ಪಲಿ."

ಮತ್ತೆ ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡು ಎಡ ಷೂವಿನ ಮೂತಿ ಉಜ್ಜತೊಡಗಿದ. ನಗಲಿಲ್ಲ.

"ಅಂಗಾದ್ರೆ ಅದು ಆಜರಿಗೆ ಬರಕಿಲ್ಲ ಬುಡಿ ಸಾ," ಎಂದ.

ಸುಧಾ ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ. ವಾಪಸು ಬರುವಾಗ ದಂಡಿಗನಹಳ್ಳಿಯಲ್ಲಿ ಗಾಡಿ ನಿಲ್ಲಿಸಲು ಹೇಳಿದೆ. ಒಂದು ಅಂಗಡಿಯಲ್ಲಿ ಕೇಳಿದೆ, ಇರಲಿಲ್ಲ. ಎರಡನೆಯ ಅಂಗಡಿಯಲ್ಲಿ ಸಿಕ್ಕಿತು, ಕಪ್ಪು ಪಾಲಿಶಿನ ಸಣ್ಣ ಡಬ್ಬಿ.